ಎರಡು ಪಾಠ, ಒಂದೇ ಪಾದ: ಮೈಸೂರಿನ ಬ್ಯಾಲೆ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ವಿಜಯದಶಮಿ ಕಳೆದು ಮೂರು ವಾರವಾಗಿದ್ದಾಗ, ಸರಸ್ವತಿಪುರಂನ 13 ವರ್ಷದ ಹುಡುಗಿಯೊಬ್ಬಳನ್ನು ಅವಳ ತಾಯಿ ಮತ್ತು ಅಜ್ಜಿ ನನ್ನ ಫಿಸಿಯೋಥೆರಪಿ ಚಿಕಿತ್ಸಾಲಯಕ್ಕೆ ಕರೆತಂದರು. ಎಡಗಾಲಿನ ಪಾದದ ಮೇಲ್ಭಾಗದಲ್ಲಿ ನೋವು, ನೃತ್ಯದ ವೇಳೆ ಹೆಚ್ಚು, ಮನೆಗೆ ಬಂದ ಮೇಲೆ ಕಡಿಮೆ; ಹತ್ತು ದಿನಗಳಿಂದ ಶಾಲೆಯ ಮೆಟ್ಟಿಲು ಹತ್ತುವಾಗಲೂ ಕಾಣಿಸಿಕೊಳ್ಳುತ್ತಿದೆ ಎಂಬುದು ತಾಯಿ ಹೇಳಿದ ವಿವರ. ಅಜ್ಜಿ ಪ್ರತಿ ರಾತ್ರಿ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದ್ದರು. ಹುಡುಗಿ ಮಾತ್ರ ಏನೂ ಹೇಳಲಿಲ್ಲ. ನಾನು ಪಾದವನ್ನು ಕೈಗೆತ್ತಿಕೊಂಡಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಡಿಸೆಂಬರ್ ಶೋಗೆ ಸರಿಹೋಗುತ್ತಲ್ವಾ ಆಂಟಿ?" ಎಂಬುದು.

ಹುಡುಗಿಯ ಮತ್ತು ಪೋಷಕರ ಒಪ್ಪಿಗೆ ಪಡೆದು, ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವಳಿಗಾದ ಪೆಟ್ಟು ಅಪರೂಪದ್ದಲ್ಲ. ಬ್ಯಾಲೆ ಕಲಿಯುವವರಲ್ಲಿ ಚೆನ್ನಾಗಿ ಗುರುತಿಸಲ್ಪಟ್ಟಿರುವ ತೊಂದರೆಯೇ. ಬರೆಯಬೇಕೆನಿಸಿದ್ದು ಬೇರೆ ಕಾರಣಕ್ಕೆ. ಆ ಪಾದದ ಮೇಲೆ ಬೀಳುತ್ತಿದ್ದ ಒಟ್ಟು ಭಾರವನ್ನು ಬಲ್ಲವರು ಅವಳ ಸುತ್ತಲಿನ ಹಿರಿಯರಲ್ಲಿ ಒಬ್ಬರೂ ಇರಲಿಲ್ಲ.

ಹಿನ್ನೆಲೆ

ಹುಡುಗಿ ಆರನೆಯ ವಯಸ್ಸಿನಿಂದ ಮನೆಗೆ ಸಮೀಪದಲ್ಲಿಯೇ ಇರುವ ಹಿರಿಯ ಗುರುಗಳೊಬ್ಬರ ಬಳಿ ಭರತನಾಟ್ಯ ಕಲಿಯುತ್ತಿದ್ದಳು. ಜೂನಿಯರ್ ಪರೀಕ್ಷೆ ಮುಗಿದಿತ್ತು, ಸೀನಿಯರ್‌ಗೆ ತಯಾರಿ ನಡೆದಿತ್ತು. ಹತ್ತನೆಯ ವಯಸ್ಸಿನಲ್ಲಿ ಬ್ಯಾಲೆ ತರಗತಿಗೂ ಸೇರಿದಳು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವ ತರುಣ ಶಿಕ್ಷಕಿಯೊಬ್ಬರು ವಿಜಯನಗರದ ಕಡೆ ಬಾಡಿಗೆ ಹಾಲ್ ಒಂದರಲ್ಲಿ ಈ ತರಗತಿ ನಡೆಸುತ್ತಿದ್ದರು. ಗೋಡೆಗೆ ಕನ್ನಡಿ, ಹಿಡಿದು ಅಭ್ಯಾಸ ಮಾಡಲು ಕಬ್ಬಿಣದ ಪೈಪಿನಿಂದ ಮಾಡಿಸಿದ ಬಾರ್, ವಿಟ್ರಿಫೈಡ್ ಟೈಲ್ಸ್ ನೆಲದ ಮೇಲೆ ಹಾಸಿದ ತೆಳುವಾದ ವಿನೈಲ್ ಹಾಳೆ. ಕಾಂಕ್ರೀಟಿನ ಮೇಲೆ ಟೈಲ್ಸ್, ಟೈಲ್ಸಿನ ಮೇಲೆ ವಿನೈಲ್ ಇರುವ ಇಂಥ ನೆಲದಲ್ಲಿ ಪಾದ ಜಾರುವುದಿಲ್ಲವೇ ಹೊರತು ಬಿದ್ದ ಪೆಟ್ಟನ್ನು ನೆಲ ಸ್ವಲ್ಪವೂ ಹೀರಿಕೊಳ್ಳುವುದಿಲ್ಲ. ಬ್ಯಾಲೆ ಬೆಳೆದ ಕಡೆಗಳಲ್ಲಿ ಮರದ ಪಟ್ಟಿಗಳ ಅಥವಾ ಫೋಮಿನ ಮೇಲೆ ಕೂರಿಸಿದ, ಕಾಲಿಟ್ಟರೆ ಕೊಂಚ ಬಾಗಿ ಏಳುವ ಹಲಗೆ ನೆಲವನ್ನು ಬಳಸುವುದು ಈ ಕಾರಣಕ್ಕಾಗಿಯೇ.

ಆ ವರ್ಷದ ಜೂನ್‌ನಲ್ಲಿ ಅವಳಿಗೆ ಪ್ವಾಂಟ್ ಶೂ ಬಂತು. ಬೆರಳ ತುದಿಯ ಮೇಲೆ ನಿಲ್ಲುವ ಈ ಶೂವಿನ ಮುಂಭಾಗದ ಪೆಟ್ಟಿಗೆಯಂಥ ಗಟ್ಟಿ ಕವಚವು ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟಿನಿಂದ ಕೂಡಿಸಿ ಮಾಡಿದ್ದು. ಬೆವರು ತಗುಲುತ್ತ ಅದು ಮೆತ್ತಗಾಗುತ್ತದೆ. ಪಾದದ ಅಗಲ, ಬೆರಳುಗಳ ಉದ್ದ, ಅಂಗಾಲಿನ ಕಮಾನು ಇವುಗಳನ್ನು ನೋಡಿ, ತೊಡಿಸಿ, ನಿಲ್ಲಿಸಿ ಆರಿಸಬೇಕಾದ ವಸ್ತು ಅದು. ಈ ಕುಟುಂಬ ಅಳತೆಯ ಪಟ್ಟಿ ನೋಡಿ ಆನ್‌ಲೈನ್‌ನಲ್ಲಿ ತರಿಸಿಕೊಂಡಿತ್ತು. ಶೂ ಅಗಲವಾಗಿದ್ದರಿಂದ ಪಾದ ಒಳಗೆ ಕುಸಿಯುತ್ತಿತ್ತು, ಆ ಸಡಿಲಕ್ಕೆ ಹತ್ತಿ ತುಂಬಲಾಗಿತ್ತು.

ಪ್ವಾಂಟ್ ಬೇಗನೆ ಆಯಿತೇ ಎಂಬ ಪ್ರಶ್ನೆ ಸಹಜ. 1990ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ನೃತ್ಯ ವೈದ್ಯ ಮತ್ತು ವಿಜ್ಞಾನ ಸಂಘದ ಮಾರ್ಗಸೂಚಿಯ ಪ್ರಕಾರ 12 ವರ್ಷಕ್ಕೆ ಮೊದಲು ಪ್ವಾಂಟ್ ಕೂಡದು. ಎಂಟನೆಯ ವಯಸ್ಸಿನಲ್ಲಿ ಅಥವಾ ಆಮೇಲೆ ಶುರುಮಾಡಿ ವಾರಕ್ಕೆ ಎರಡು ತರಗತಿ ಮಾಡುವವರಿಗೆ ಕಲಿಕೆಯ ನಾಲ್ಕನೆಯ ವರ್ಷದಲ್ಲಿ ಆರಂಭಿಸಬಹುದು. ಕಾಲು, ಸೊಂಟ, ಹೊಟ್ಟೆಯ ಸ್ನಾಯುಗಳು ದುರ್ಬಲವಾಗಿದ್ದರೆ ವಯಸ್ಸು ಎಷ್ಟೇ ಇರಲಿ, ತಡೆಯಬೇಕು. ಇವಳ ವಯಸ್ಸು ಸರಿಯಿತ್ತು, ಮೂರನೆಯ ವರ್ಷ ಮುಗಿಯುತ್ತಲಿತ್ತು. ಆದ್ದರಿಂದ ಶಿಕ್ಷಕಿ ಅವಸರ ಮಾಡಿದರೆಂದು ಹೇಳುವುದು ನ್ಯಾಯವಲ್ಲ. ಎರಡು ಕಾಲುಗಳ ಬಲವನ್ನು ಬೇರೆಬೇರೆಯಾಗಿ ಪರೀಕ್ಷಿಸಿರಲಿಲ್ಲ ಎನ್ನಬಹುದು, ಅಷ್ಟೆ.

ತಪಾಸಣೆ

ನೋವಿನ ಜಾಗವನ್ನು ಒಂದೇ ಬೆರಳಿನಿಂದ ತೋರಿಸಲು ಹೇಳಿದಾಗ ಹುಡುಗಿ ತಡವರಿಸದೆ ತೋರಿಸಿದಳು. ಹೆಬ್ಬೆರಳ ಪಕ್ಕದ ಬೆರಳಿಗೆ ಸೇರುವ ಉದ್ದ ಮೂಳೆಯ, ಅಂದರೆ ಎರಡನೆಯ ಮೆಟಾಟಾರ್ಸಲ್‌ನ, ಬುಡ. ಕೈಯಗಲ ಹರಡಿದ ನೋವು ಮಾಂಸದ್ದೋ ಸ್ನಾಯುರಜ್ಜುವಿನದ್ದೋ ಇರಬಹುದು. ಹೀಗೆ ಬೆರಳಿನಿಂದ ಒತ್ತಿ ತೋರಿಸಬಹುದಾದ ನೋವಿದ್ದರೆ ಮೂಳೆಯನ್ನು ಸಂಶಯಿಸಲೇಬೇಕು. ಈ ಮೂಳೆಯ ಬುಡ ಪಾದದ ನಡುವಿನ ಸಣ್ಣ ಮೂಳೆಗಳ ಮಧ್ಯೆ ಕೀಲಕದಂತೆ ಬಿಗಿಯಾಗಿ ಕೂತಿರುತ್ತದೆ. ಉಳಿದವು ಸ್ವಲ್ಪ ಅಲುಗಾಡಿ ಭಾರ ತಪ್ಪಿಸಿಕೊಂಡರೆ ಇದಕ್ಕೆ ಆ ಅನುಕೂಲವಿಲ್ಲ. ಹಿಮ್ಮಡಿ ಎತ್ತಿ ಮುಂಗಾಲ ಮೇಲೆ ಅಥವಾ ಬೆರಳ ತುದಿಯ ಮೇಲೆ ನಿಂತಾಗ ಒತ್ತಡವೆಲ್ಲ ಅಲ್ಲಿ ನೆಲೆನಿಲ್ಲುತ್ತದೆ. ಬ್ಯಾಲೆ ನರ್ತಕಿಯರಲ್ಲಿ ಒತ್ತಡದ ಬಿರುಕು ಈ ಜಾಗದಲ್ಲಿ ಕಾಣಿಸಿಕೊಳ್ಳುವುದು ಅದಕ್ಕೇ.

ಅವಳ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಾಗಿತ್ತು. ನಾನು ಅದನ್ನು ಬರೆದುಕೊಳ್ಳುತ್ತಿದ್ದಾಗ ಅಜ್ಜಿ, "ಇವಳು ಗಂಡನ್ನ ಆಳ್ತಾಳೆ ಅಂತ ಹುಟ್ಟಿದಾಗಲೇ ಹೇಳಿದ್ದೆ" ಎಂದು ನಕ್ಕರು. ಗಂಡನ ವಿಷಯ ಬಿಡಿ. ಪ್ವಾಂಟ್ ಶೂವಿನಲ್ಲಿ ಮಾತ್ರ ಉದ್ದ ಬೆರಳಿಗೆ ಭಾರ ಮೊದಲು ತಗುಲುತ್ತದೆ.

ಬಳಿಕ ಸೊಂಟದ ತಿರುವನ್ನು ಅಳೆದೆ. ತೊಡೆಯ ಮೂಳೆ ಹೊರಕ್ಕೆ ತಿರುಗುವ ಕೋನ ಬಲಕ್ಕೆ 48 ಡಿಗ್ರಿ, ಎಡಕ್ಕೆ 42. ಎರಡೂ ಸೇರಿ 90. ಆದರೆ ಹಿಮ್ಮಡಿಗಳನ್ನು ಕೂಡಿಸಿ ಪಾದಗಳನ್ನು ಹೊರಕ್ಕೆ ತಿರುಗಿಸುವ ಬ್ಯಾಲೆಯ ಮೊದಲ ಸ್ಥಾನದಲ್ಲಿ ನಿಲ್ಲು ಎಂದಾಗ ಅವಳ ಪಾದಗಳ ನಡುವೆ ಸುಮಾರು 150 ಡಿಗ್ರಿ ಇತ್ತು. ಮಿಕ್ಕ 60 ಡಿಗ್ರಿ ಎಲ್ಲಿಂದ ಬಂತು? ಮಂಡಿ, ಕಣಕಾಲು, ಪಾದ ಇವುಗಳನ್ನು ತಿರುಚಿದ್ದರಿಂದ. ಹೀಗೆ ತಿರುಚಿ ನಿಂತಾಗ ಅಂಗಾಲಿನ ಕಮಾನು ಒಳಮುಖವಾಗಿ ಕುಸಿದು, ಭಾರ ಪಾದದ ಒಳ ಅಂಚಿಗೆ ಜಾರುತ್ತದೆ. ಇದನ್ನು ಬ್ಯಾಲೆಯ ದೋಷ ಎಂದು ಹೇಳಿ ಮುಗಿಸುವಂತಿಲ್ಲ. ಭರತನಾಟ್ಯದಲ್ಲಿ ಮಂಡಿಗಳನ್ನು ಪಕ್ಕಕ್ಕೆ ಬಾಗಿಸಿ ಅರ್ಧ ಕೂರುವ ಅರೆಮಂಡಿಯಲ್ಲಿ ಕೂರಲು ಹೇಳಿದಾಗಲೂ ಮಂಡಿ ಮುಂದಕ್ಕೆ, ಪಾದ ಪಕ್ಕಕ್ಕೆ, ಅದೇ ಕುಸಿತ. ಕನ್ನಡಿಯಲ್ಲಿ ಚೆಂದ ಕಾಣುವ ಕೋನವನ್ನು ಸೊಂಟ ಕೊಡದಿದ್ದಾಗ ಪಾದ ಸಾಲ ತೆಗೆದುಕೊಳ್ಳುವ ಅಭ್ಯಾಸವನ್ನು ಅವಳು ಎರಡೂ ಕಡೆ ರೂಢಿಸಿಕೊಂಡಿದ್ದಳು.

ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿಳಿಸುವ ಪರೀಕ್ಷೆಯಲ್ಲಿ ಬಲಗಾಲು 22 ಬಾರಿ ಎತ್ತಿತು. ಎಡಗಾಲು ಒಂಬತ್ತಕ್ಕೆ ನಿಂತುಹೋಯಿತು. ನೋವಿನಿಂದಲೋ ದೌರ್ಬಲ್ಯದಿಂದಲೋ ಎಂದು ಆ ದಿನ ಬೇರ್ಪಡಿಸಿ ಹೇಳಲಾಗದ್ದರಿಂದ ಅಲ್ಲಿಗೇ ನಿಲ್ಲಿಸಿ ಮೂಳೆ ವೈದ್ಯರ ಬಳಿಗೆ ಕಳುಹಿಸಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಒತ್ತಡದ ಬಿರುಕಿನಲ್ಲಿ ಮೊದಲ ಎರಡು ಮೂರು ವಾರ ಎಕ್ಸ್‌ರೇ ಸ್ವಚ್ಛವಾಗಿರುವುದು ಸಾಮಾನ್ಯ. ಎಷ್ಟೋ ಮಕ್ಕಳು "ಏನೂ ಇಲ್ಲವಂತೆ" ಎಂದು ಮತ್ತೆ ಗೆಜ್ಜೆ ಕಟ್ಟುವುದು ಈ ಹಂತದಲ್ಲೇ. ವೈದ್ಯರು ಎಂಆರ್‌ಐ ಮಾಡಿಸಿದರು. ಮೂಳೆಯ ಬುಡದ ಮಜ್ಜೆಯಲ್ಲಿ ಊತವಿತ್ತು, ಬಿರುಕಿನ ಗೆರೆ ಇನ್ನೂ ಮೂಡಿರಲಿಲ್ಲ. ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 14 ನ್ಯಾನೊಗ್ರಾಂ ಇತ್ತು. 20ಕ್ಕಿಂತ ಕಡಿಮೆಯಿದ್ದರೆ ಕೊರತೆಯೆಂದು ಎಣಿಸಲಾಗುತ್ತದೆ.

ಮೂಳೆ ತಾನಾಗಿ ಹೀಗೆ ದಣಿಯುವುದಿಲ್ಲ. ಪ್ರತಿ ಪೆಟ್ಟಿಗೂ ಸೂಕ್ಷ್ಮವಾಗಿ ಸವೆದು, ವಿಶ್ರಾಂತಿಯಲ್ಲಿ ತನ್ನನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಕಟ್ಟುವ ವೇಗಕ್ಕಿಂತ ಸವೆಯುವ ವೇಗ ಹೆಚ್ಚಾದರೆ ಊತ, ಅದೂ ಮೀರಿದರೆ ಬಿರುಕು. ಹಾಗಾದರೆ ಈ ಮೂಳೆಗೆ ಇಷ್ಟು ಪೆಟ್ಟು ಎಲ್ಲಿಂದ ಬಿತ್ತು ಎಂಬುದು ಮುಂದಿನ ಪ್ರಶ್ನೆಯಾಯಿತು.

ಲೆಕ್ಕ

ತಾಯಿಯನ್ನು ಕೇಳಿದಾಗ "ವಾರಕ್ಕೆ ಎಂಟು ಗಂಟೆ ಇರಬಹುದು" ಎಂದರು. ಅವರು ಶುಲ್ಕ ಕಟ್ಟುವ ತರಗತಿಗಳನ್ನು ಮಾತ್ರ ಎಣಿಸಿದ್ದರು. ಹುಡುಗಿಯನ್ನು ಕೂರಿಸಿಕೊಂಡು, ಅವಳ ಶಾಲೆಯ ಡೈರಿ ತೆರೆದು, ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನದಿನದ್ದನ್ನು ಬರೆಸಿದೆ. ಇದಕ್ಕೆ ಎರಡು ಸಂಜೆ ಹಿಡಿಯಿತು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಎಂಆರ್‌ಐಗಿಂತ ಹೆಚ್ಚು ಹೇಳಿದ್ದು ಆ ಎರಡು ಸಂಜೆಗಳೇ.

ಜೂನ್‌ನಲ್ಲಿ ಬ್ಯಾಲೆ ವಾರಕ್ಕೆ 3 ಗಂಟೆ, ಭರತನಾಟ್ಯ ನಾಲ್ಕೂವರೆ, ಮನೆಯ ಅಭ್ಯಾಸ ಎರಡು, ಒಟ್ಟು ಒಂಬತ್ತೂವರೆ. ಅಕ್ಟೋಬರ್‌ಗೆ ಬರುವಾಗ ಡಿಸೆಂಬರ್ ಪ್ರದರ್ಶನದ ತಾಲೀಮಿನಿಂದ ಬ್ಯಾಲೆ 4 ಆಗಿತ್ತು, ನವರಾತ್ರಿಯ ಕಾರ್ಯಕ್ರಮಗಳಿಗೆಂದು ಭರತನಾಟ್ಯ 6 ಆಗಿತ್ತು, ಎರಡನ್ನೂ ಮನೆಯಲ್ಲಿ ತಿದ್ದಿಕೊಳ್ಳಲು ದಿನಕ್ಕೆ ಅರ್ಧ ಗಂಟೆಯಂತೆ ಮೂರೂವರೆ. ಇಷ್ಟಲ್ಲದೆ ಇನ್ನೂ ನಾಲ್ಕು ಗಂಟೆ ಇತ್ತು. ಸೆಪ್ಟೆಂಬರ್ ಮಧ್ಯದಿಂದ ಶಾಲೆಯಲ್ಲಿ, ದಸರೆಯ ಮಕ್ಕಳ ಕಾರ್ಯಕ್ರಮಕ್ಕೂ ಆಮೇಲೆ ವಾರ್ಷಿಕೋತ್ಸವಕ್ಕೂ, ಚಿತ್ರಗೀತೆಯೊಂದಕ್ಕೆ ಸಮೂಹ ನೃತ್ಯದ ತಾಲೀಮು ದಿನಕ್ಕೆ ಸುಮಾರು 50 ನಿಮಿಷ, ಸಿಮೆಂಟ್ ಅಂಗಳದಲ್ಲಿ, ಕ್ಯಾನ್ವಾಸ್ ಶೂ ಹಾಕಿಕೊಂಡು ನಡೆಯುತ್ತಿತ್ತು. ನೃತ್ಯ ಬಲ್ಲವಳೆಂದು ಇವಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದಲ್ಲದೆ, ಬಾರದವರಿಗೆ ಹೇಳಿಕೊಡುವ ಕೆಲಸವನ್ನೂ ಕೊಟ್ಟಿದ್ದರು. ಹೇಳಿಕೊಡುವವರು ಒಂದು ಜಿಗಿತವನ್ನು ಹತ್ತು ಸಲ ಜಿಗಿಯುತ್ತಾರೆ. ಒಟ್ಟು ಹದಿನೇಳೂವರೆ ಗಂಟೆ. ನಾಲ್ಕು ತಿಂಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ.

ಗಂಟೆಯ ಲೆಕ್ಕ ಕೂಡ ಪೂರ್ತಿ ಹೇಳುವುದಿಲ್ಲ. ಭರತನಾಟ್ಯದ ಮೂಲ ಹೆಜ್ಜೆಯಾದ ಮೊದಲನೆಯ ತಟ್ಟಡವನ್ನು ಎಂಟು ಎಣಿಕೆಯ ಆದಿತಾಳದ ಒಂದೊಂದು ಆವರ್ತದಂತೆ ಮೂರು ಕಾಲದಲ್ಲಿ, ಅಂದರೆ ಇಮ್ಮಡಿಯಾಗುತ್ತ ಹೋಗುವ ಮೂರು ವೇಗಗಳಲ್ಲಿ, ಮಾಡಿದರೆ 8, 16, 32, ಒಟ್ಟು 56 ತಟ್ಟು. ಅದು ಇಡೀ ಪಾದ ನೆಲಕ್ಕೆ ಬಡಿಯುವ ಪೆಟ್ಟು. ಕುದಿತ್ತ ಮೆಟ್ಟಡವಿನಲ್ಲಿ ಮುಂಗಾಲಿಗೆ ಹಾರಿ ಹಿಮ್ಮಡಿ ಬಡಿಯಬೇಕು. ಬ್ಯಾಲೆಯಲ್ಲಿ ಹಾರಿ ಇಳಿಯುವಾಗ ಬೆರಳು, ಮುಂಗಾಲು, ಹಿಮ್ಮಡಿ ಎಂಬ ಕ್ರಮದಲ್ಲಿ ಸದ್ದಿಲ್ಲದೆ ಇಳಿಯಬೇಕು. ಒಂದು ಕಡೆ ಸದ್ದು ಬಂದರೆ ಶಭಾಷ್, ಇನ್ನೊಂದು ಕಡೆ ಸದ್ದು ಬಂದರೆ ತಪ್ಪು. ಎರಡು ವಿಧಾನಗಳು ವಿರುದ್ಧವಾಗಿವೆ ಎಂಬುದು ತೊಂದರೆಯಲ್ಲ. ಮಕ್ಕಳ ದೇಹ ಎರಡು ಭಾಷೆ ಕಲಿತಂತೆ ಎರಡನ್ನೂ ಕಲಿಯುತ್ತದೆ. ಆದರೆ ದಣಿದ ಕಾಲು ಎರಡನ್ನೂ ಬೆರೆಸಿಬಿಡುತ್ತದೆ. ನವರಾತ್ರಿಯ ಒಂಬತ್ತು ದಿನಗಳಲ್ಲಿ ಅವಳು ನಾಲ್ಕು ವೇದಿಕೆ ಏರಿದ್ದಳು, ಅದರಲ್ಲಿ ಒಂದು ದೇವಸ್ಥಾನದ ಕಲ್ಲು ಹಾಸಿನ ಪ್ರಾಕಾರ. ಮೈಸೂರಿನಲ್ಲಿ ನೃತ್ಯ ಕಲಿಯುವ ಮಕ್ಕಳಿಗೆ ದಸರೆಯೆಂದರೆ ಹಬ್ಬಕ್ಕಿಂತ ಹೆಚ್ಚಾಗಿ ಸುಗ್ಗಿ. ಕರೆದ ಕಡೆ ಹೋಗದಿದ್ದರೆ ಮುಂದಿನ ವರ್ಷ ಕರೆಯುವುದಿಲ್ಲವೆಂಬ ಅಂಜಿಕೆ ಪೋಷಕರಿಗೂ ಇರುತ್ತದೆ.

ಇನ್ನೊಂದು ವಿವರ ಅಜ್ಜಿಯಿಂದ ಬಂತು. ಪ್ರತಿ ಯುಗಾದಿಗೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಅವಳ ಎತ್ತರ ಗುರುತಿಸುವ ರೂಢಿ ಆ ಮನೆಯಲ್ಲಿತ್ತು. ಕೊನೆಯ ಎರಡು ಗೆರೆಗಳ ನಡುವೆ 7 ಸೆಂಟಿಮೀಟರ್. ಹುಡುಗಿಯರು ಅತಿ ವೇಗವಾಗಿ ಎತ್ತರ ಬೆಳೆಯುವ ಈ ಅವಧಿಯಲ್ಲಿ ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ; ನಿನ್ನೆ ಏರುತ್ತಿದ್ದ ಕಾಲು ಇಂದು ಏರುವುದಿಲ್ಲ, ತಿರುವಿನಲ್ಲಿ ತೂಕ ತಪ್ಪುತ್ತದೆ. ಶಿಕ್ಷಕರು ಇದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ, ಮಗು ಇನ್ನಷ್ಟು ಅಭ್ಯಾಸ ಮಾಡುತ್ತದೆ. ಊಟದ ವಿಷಯವನ್ನು ಹುಡುಗಿ ತಾಯಿ ಹೊರಗೆ ಹೋದಾಗ ಹೇಳಿದಳು. ಮೈಗಂಟಿದ ಉಡುಪಿನಲ್ಲಿ ಹೊಟ್ಟೆ ಕಾಣುತ್ತದೆಂದು ಶನಿವಾರ ಭಾನುವಾರ ತಿಂಡಿ ಬಿಡುತ್ತಿದ್ದಳು. ಖರ್ಚಿಗೆ ತಕ್ಕ ಆಹಾರ ಸಿಗದ ಕ್ರೀಡಾಪಟುವಿನ ಮೂಳೆ, ಮುಟ್ಟು, ರೋಗನಿರೋಧಕ ಶಕ್ತಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿಯೇ ಒಂದು ಹೇಳಿಕೆ ಹೊರಡಿಸಿದೆ. ನರ್ತಿಸುವ ಮಕ್ಕಳನ್ನು ನಾವು ಕ್ರೀಡಾಪಟುಗಳೆಂದು ಎಣಿಸದಿರುವುದರಿಂದ ಆ ಎಚ್ಚರಿಕೆ ಇವರ ಮನೆಗೆ ತಲುಪುವುದಿಲ್ಲ.

ನೋವು ಯಾವಾಗ ಶುರುವಾಯಿತೆಂದು ಮತ್ತೊಮ್ಮೆ ಕೇಳಿದೆ. ಗಣೇಶನ ಹಬ್ಬದಿಂದಲೇ ಇತ್ತು. ಗುರುಗಳಿಗೆ ಹೇಳಿದರೆ ಬ್ಯಾಲೆ ಬಿಡು ಅನ್ನುತ್ತಾರೆ, ಮಿಸ್‌ಗೆ ಹೇಳಿದರೆ ಪಾತ್ರ ಬೇರೆಯವರಿಗೆ ಹೋಗುತ್ತದೆ, ಅಮ್ಮನಿಗೆ ಹೇಳಿದರೆ ಎರಡೂ ನಿಲ್ಲುತ್ತದೆ. ಅವಳ ತರ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಇಬ್ಬರು ಶಿಕ್ಷಕಿಯರು

ಮೂಳೆ ವೈದ್ಯರು ನಾಲ್ಕು ವಾರ ಪಾದಕ್ಕೆ ಅಲುಗಾಡದಂತೆ ಹಿಡಿಯುವ ಬೂಟು ಹಾಕಿಸಿ ನೆಗೆತ, ತಟ್ಟು, ಪ್ವಾಂಟ್ ಎಲ್ಲವನ್ನೂ ನಿಲ್ಲಿಸಿದರು. ಬ್ಯಾಲೆ ಪ್ರದರ್ಶನ ಬೂಟು ಬಿಚ್ಚುವ ವಾರದಲ್ಲೇ ಇತ್ತು. ತಾಯಿಯ ಒಪ್ಪಿಗೆ ಪಡೆದು ನಾನು ಇಬ್ಬರು ಶಿಕ್ಷಕಿಯರನ್ನೂ ಒಂದು ಭಾನುವಾರ ಸಂಜೆ ಚಿಕಿತ್ಸಾಲಯಕ್ಕೆ ಕರೆದೆ. ಮೂರು ವರ್ಷಗಳಿಂದ ಒಂದೇ ಮಗುವಿಗೆ ಪಾಠ ಹೇಳುತ್ತಿದ್ದ ಇವರು ಒಬ್ಬರನ್ನೊಬ್ಬರು ಕಂಡದ್ದು ಅಂದೇ ಮೊದಲು.

ಆರಂಭ ಚೆನ್ನಾಗಿರಲಿಲ್ಲ. ಗುರುಗಳು, "ಎರಡು ದೋಣಿ ಮೇಲೆ ಕಾಲಿಟ್ಟರೆ ಆಗೋದೇ ಇದು" ಎಂದರು. ಬ್ಯಾಲೆ ಶಿಕ್ಷಕಿ ಗೌರವದಿಂದಲೇ, "ಮೇಡಂ, ನನ್ನ ಹತ್ರ ಅವಳು ವಾರಕ್ಕೆ ನಾಲ್ಕು ಗಂಟೆ ಮಾತ್ರ ಇರ್ತಾಳೆ" ಎಂದರು. ರುಕ್ಮಿಣಿ ದೇವಿಯವರು ಭರತನಾಟ್ಯಕ್ಕೆ ಬರುವ ಮೊದಲು ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರ ಪ್ರೇರಣೆಯಿಂದ ಬ್ಯಾಲೆ ಕಲಿತಿದ್ದರು, ಅವರು ಕಟ್ಟಿದ ನೃತ್ಯಶಾಲೆ ಕಲಾಕ್ಷೇತ್ರ ಆರಂಭವಾದದ್ದು ಅದಾದ ಮೇಲೆ, 1936ರಲ್ಲಿ ಎಂದು ನಾನು ನೆನಪಿಸಿದೆ. ಗುರುಗಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. "ಅವರು ಒಂದಾದ ಮೇಲೊಂದು ಕಲಿತರು, ಒಂದೇ ದಿನದಲ್ಲಿ ಎರಡನ್ನೂ ಅಲ್ಲ" ಎಂದು ಉತ್ತರಿಸಿದರು. ಆ ಉತ್ತರ ಸರಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮಾತು ತಿರುಗಿದ್ದು ಡೈರಿಯ ಹಾಳೆಯನ್ನು ಮೇಜಿನ ಮೇಲೆ ಇಟ್ಟಾಗ. ಇಬ್ಬರೂ ತಮ್ಮ ಕಾಲಂ ನೋಡಿ ತಲೆಯಾಡಿಸಿದರು, ಪಕ್ಕದ್ದನ್ನು ನೋಡಿ ಸುಮ್ಮನಾದರು, ಶಾಲೆಯ ಕಾಲಂ ನೋಡಿ ಇಬ್ಬರೂ ಒಟ್ಟಿಗೆ ಸಿಟ್ಟಾದರು. ಮೂರನೆಯವರ ಮೇಲಿನ ಸಿಟ್ಟು ಇಬ್ಬರನ್ನು ಹತ್ತಿರ ತಂದಿತೆಂದು ಹೇಳಲು ಸಂಕೋಚವಾದರೂ, ನಡೆದದ್ದು ಹಾಗೆಯೇ. ಆಮೇಲಿನ ಅರ್ಧ ಗಂಟೆ ಅವರು ನನ್ನನ್ನು ಮರೆತು ಬ್ಯಾಲೆಯಲ್ಲಿ ಮಂಡಿ ಬಾಗಿಸುವ ಪ್ಲಿಯೇ ಮತ್ತು ಅರೆಮಂಡಿಯ ಬಗ್ಗೆ ಮಾತಾಡಿದರು. ಸೊಂಟದಿಂದ ತಿರುಗಿದಷ್ಟೇ ಸಾಕು, ಪಾದದಿಂದ ಕದಿಯುವುದು ಬೇಡ ಎಂದು ಇಬ್ಬರೂ ಒಂದೇ ಮಾತಿನಲ್ಲಿ ಅವಳನ್ನು ತಿದ್ದಬೇಕೆಂದು ತೀರ್ಮಾನವಾಯಿತು.

ಪ್ರದರ್ಶನದ ವಿಷಯದಲ್ಲಿ ನನ್ನ ಸಲಹೆ ಸರಳವಾಗಿತ್ತು: ಈ ವರ್ಷ ಬೇಡ. ಅದು ತಪ್ಪು ಸಲಹೆಯಾಗಿತ್ತೆಂದು ಈಗ ಅನ್ನಿಸುತ್ತದೆ. ಸುದ್ದಿ ಕೇಳಿದ ಹುಡುಗಿ ಒಂದು ವಾರ ಹಾಲ್ ಕಡೆ ಹೋಗಲಿಲ್ಲ, ಕೊಟ್ಟ ವ್ಯಾಯಾಮವನ್ನೂ ಮಾಡಲಿಲ್ಲ. ದಾರಿ ಹುಡುಕಿದ್ದು ಬ್ಯಾಲೆ ಶಿಕ್ಷಕಿ. ಬ್ಯಾಲೆಯಲ್ಲಿ ಕಥೆ ಹೇಳುವ ಮೂಕಾಭಿನಯದ ಒಂದು ಪರಂಪರೆ ಇದೆ: ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ತಿರುಗಿಸಿದರೆ 'ನರ್ತಿಸು', ಉಂಗುರದ ಬೆರಳನ್ನು ತೋರಿಸಿದರೆ 'ಮದುವೆ', ಎದೆಯ ಮೇಲೆ ಕೈಯಿಟ್ಟರೆ 'ಪ್ರೀತಿ'. ಹಸ್ತಮುದ್ರೆಗಳಲ್ಲಿ ಏಳು ವರ್ಷ ಪಳಗಿದ ಹುಡುಗಿಗೆ ಇದು ಎರಡು ದಿನದ ಪಾಠ. ಕುರ್ಚಿಯಲ್ಲಿ ಕೂತು ಕಥೆ ಹೇಳುವ ಅಜ್ಜಿಯ ನಾಲ್ಕು ನಿಮಿಷದ ಪಾತ್ರವನ್ನು ಅವಳಿಗಾಗಿ ಸೇರಿಸಲಾಯಿತು. ಗುರುಗಳೂ ಆ ನಾಲ್ಕು ವಾರ ಪಾಠ ನಿಲ್ಲಿಸದೆ ಅವಳನ್ನು ಚಾಪೆಯ ಮೇಲೆ ಕೂರಿಸಿ ಒಂದು ದೇವರನಾಮಕ್ಕೆ ಅಭಿನಯ ಹೇಳಿಕೊಟ್ಟರು. ಜಟ್ಟಿ ತಾಯಮ್ಮ, ಅವರ ಶಿಷ್ಯೆ ವೆಂಕಟಲಕ್ಷಮ್ಮ ಇವರಿಂದ ಬಂದ ಮೈಸೂರು ಶೈಲಿ ಅಭಿನಯಕ್ಕೆ ಹೆಸರಾದದ್ದು. ಅಡವಿನ ಚುರುಕಿಗೆ ಹೋಲಿಸಿದರೆ ಇದನ್ನು ಕಲಿಸಲು ಈಗಿನ ಮಕ್ಕಳ ಬಳಿ ಸಮಯವೇ ಇರುವುದಿಲ್ಲವೆಂಬ ಕೊರಗು ಗುರುಗಳಿಗೆ ಮೊದಲಿನಿಂದಲೂ ಇತ್ತು.

ಮರಳಿದ ಬಗೆ

ಬೂಟು ಬಿಚ್ಚಿದ ಮೇಲೆ ಹಂತಗಳು ನಿಧಾನವಾಗಿದ್ದವು. ಮೊದಲ ಎರಡು ವಾರ ನಡಿಗೆ, ಪಾದದ ಸಣ್ಣ ಸ್ನಾಯುಗಳಿಗೆ ಮತ್ತು ಸೊಂಟದ ಹೊರತಿರುವಿನ ಸ್ನಾಯುಗಳಿಗೆ ವ್ಯಾಯಾಮ, ಎರಡು ಕಾಲಿನ ಹಿಮ್ಮಡಿ ಎತ್ತುವಿಕೆ. ನೋವಿಲ್ಲದ ಮೇಲೆ ಮೃದು ಶೂವಿನಲ್ಲಿ ಬಾರ್ ಹಿಡಿದು ಪ್ಲಿಯೇ, ಮೊದಲ ಕಾಲದ ತಟ್ಟಡವು ಮಾತ್ರ. ಜನವರಿಯ ಕೊನೆಗೆ ಎರಡನೆಯ ಕಾಲ, ಫೆಬ್ರವರಿಯಲ್ಲಿ ಚಿಕ್ಕ ನೆಗೆತಗಳು. ವೈದ್ಯರು ಕೊಟ್ಟ ವಿಟಮಿನ್ ಡಿ ಜೊತೆಗೆ ಶಾಲೆಯಿಂದ ಬಂದು ತರಗತಿಗೆ ಹೋಗುವ ಮುನ್ನ ಹುರಿಹಿಟ್ಟಿನ ಉಂಡೆ ಮತ್ತು ಒಂದು ಲೋಟ ಹಾಲು ಕಡ್ಡಾಯವಾಯಿತು. ಇದನ್ನು ಜಾರಿಗೆ ತಂದವರು ಅಜ್ಜಿಯಾದ್ದರಿಂದ ಒಂದು ದಿನವೂ ತಪ್ಪಲಿಲ್ಲ. ಬ್ಯಾಲೆ ಶಿಕ್ಷಕಿ ಬಡಗಿಯೊಬ್ಬರನ್ನು ಹಿಡಿದು, ಫೋಮಿನ ತುಂಡುಗಳ ಮೇಲೆ ಎರಡು ಪದರ ಪ್ಲೈವುಡ್ ಕೂರಿಸಿ ಹಾಲ್‌ನ ಅರ್ಧ ಭಾಗಕ್ಕೆ ನೆಲ ಮಾಡಿಸಿದರು. ನೆಗೆತಗಳೆಲ್ಲ ಈಗ ಆ ಅರ್ಧದಲ್ಲೇ ನಡೆಯುತ್ತವೆ. ಗುರುಗಳ ಮನೆಯ ಕೆಂಪು ಗಾರೆ ನೆಲ ಹಾಗೆಯೇ ಇದೆ. ಅವರು ಬದಲಾಯಿಸಿದ್ದು ಮೂರನೆಯ ಕಾಲದ ಆವೃತ್ತಿಗಳ ಸಂಖ್ಯೆಯನ್ನು.

ಏಪ್ರಿಲ್ ತಪಾಸಣೆಯಲ್ಲಿ ಎಡಗಾಲು 19 ಬಾರಿ ಎತ್ತಿತು. ನಿಲುವಿನ ಕೋನ 150ರಿಂದ 110ಕ್ಕೆ ಇಳಿದಿತ್ತು, ಅಂಗಾಲಿನ ಕಮಾನು ನಿಂತಿತ್ತು. ಕನ್ನಡಿಯಲ್ಲಿ ಇದು ಮೊದಲಿನಷ್ಟು ಚೆಂದ ಕಾಣುವುದಿಲ್ಲವೆಂದು ಹುಡುಗಿ ದೂರಿದಳು. ಪ್ವಾಂಟ್ ಇನ್ನೂ ಆರಂಭವಾಗಿಲ್ಲ. ಹಳೆಯ ಶೂ ಹತ್ತಿ ತೆಗೆದರೂ ಈಗ ಹಿಡಿಯುವುದಿಲ್ಲ, ಪಾದ ಅಷ್ಟು ಬೆಳೆದಿದೆ. ಸೀನಿಯರ್ ಪರೀಕ್ಷೆಯನ್ನು ಒಂದು ವರ್ಷ ಮುಂದೂಡಲಾಗಿದೆ.

ಬಗೆಹರಿಯದೇ ಉಳಿದದ್ದು ಶಾಲೆಯ ವಿಷಯ. ವೈದ್ಯರ ಚೀಟಿಯೊಂದಿಗೆ ನಾನು ಬರೆದ ಪತ್ರಕ್ಕೆ, ಎಲ್ಲ ಮಕ್ಕಳೂ ಭಾಗವಹಿಸುತ್ತಾರೆ, ಅದು ವ್ಯಾಯಾಮವೂ ಹೌದು ಎಂಬ ಉತ್ತರ ಬಂತು. ಡೈರಿ ಬರೆಯುವ ಅಭ್ಯಾಸ ಮುಂದುವರಿದಿದೆ. ಬ್ಯಾಲೆ, ಭರತನಾಟ್ಯ, ಮನೆ, ಶಾಲೆ ಎಂಬ ನಾಲ್ಕು ಕಾಲಂಗಳ ಪಕ್ಕದಲ್ಲಿ ಹುಡುಗಿ ತಾನಾಗಿಯೇ 'ನೋವು' ಎಂಬ ಐದನೆಯದನ್ನು ಗೆರೆ ಎಳೆದು ಸೇರಿಸಿದ್ದಾಳೆ. ಪ್ರತಿ ಸೋಮವಾರ ಆ ಹಾಳೆಯ ಫೋಟೋ ಇಬ್ಬರು ಶಿಕ್ಷಕಿಯರ ಫೋನಿಗೂ ಹೋಗುತ್ತದೆ. ಜುಲೈ ಎರಡನೆಯ ವಾರದ ಹಾಳೆಯಲ್ಲಿ ಐದನೆಯ ಕಾಲಂನಲ್ಲಿ 'ಸ್ವಲ್ಪ, ಎಡ' ಎಂದಿತ್ತು. ಆ ವಾರದ ತಟ್ಟಡವುಗಳನ್ನು ಗುರುಗಳು, ನೆಗೆತಗಳನ್ನು ಬ್ಯಾಲೆ ಶಿಕ್ಷಕಿ, ನನ್ನನ್ನು ಕೇಳುವ ಮೊದಲೇ ನಿಲ್ಲಿಸಿದ್ದರು.